ಉಳಿದ ಸಮಯ ಯಾರ ಪಾಲಾಯಿತು?

ದಾವಣಗೆರೆ ಜಿಲ್ಲೆ ಎಂದೊಡನೆ ಕರಾವಳಿಯ ನಮಗೆ ಮೊದಲು ನೆನಪಾಗುವುದು ಹರಿಹರದ ಆರೋಗ್ಯ ಮಾತೆಯ ಪುಣ್ಯಕ್ಷೇತ್ರ. ಸೆಪ್ಟೆಂಬರ್ 8ರ ಹಬ್ಬಕ್ಕೆ ನಮ್ಮ ಕಡೆಯಿಂದಲೂ ವ್ಯಾನು ಮಾಡಿಕೊಂಡು ಹೋಗಿ ಬರುವವರಿದ್ದಾರೆ. 2019ರಲ್ಲಿ ಅದು ಬೆಸಿಲಿಕಾ ಪದವಿಗೇರಿದ ಮೇಲೆ ಹೋಗುವವರ ಉತ್ಸಾಹ ಇನ್ನೂ ಹೆಚ್ಚಿದೆ. ಆದರೆ ಹರಿಹರದಿಂದ ತಿರುಗಿ ಬರುವ ನಾವು ಅದೇ ಜಿಲ್ಲೆಯ ಕುಕ್ಕುವಾಡದಂತಹ ಊರಿನತ್ತ ಕಣ್ಣು ಹಾಯಿಸುವುದು ಕಡಿಮೆ. ದಾವಣಗೆರೆ ತಾಲ್ಲೂಕಿನ ಈ ಊರನ್ನು ಹೊರಗಿನವರು ಗುರುತಿಸುವುದು ಅಲ್ಲಿರುವ ಸಕ್ಕರೆ ಕಾರ್ಖಾನೆಯಿಂದ. ಸುತ್ತ ಭದ್ರಾ ನಾಲೆಯ ನೀರನ್ನು ನಂಬಿದ ಭತ್ತ, ಕಬ್ಬು ಮತ್ತು ಅಡಿಕೆಯ ನೆಲ.

ಇಂದು ಯಾರನ್ನು ಮಾತಾಡಿಸಿದರೂ ಬರುವ ಉತ್ತರ ಒಂದೇ: "ಪುರುಸೊತ್ತೇ ಇಲ್ಲ." ಬೆಂಗಳೂರಿನ ಕಂಪ್ಯೂಟರ್ ಎಂಜಿನಿಯರ್ ಹೀಗೆ ಹೇಳಿದರೆ ನಾವು ನಂಬುತ್ತೇವೆ. ಆದರೆ ಹಳ್ಳಿಯ ರೈತ, ಆಶಾ ಕಾರ್ಯಕರ್ತೆ, ಶಾಲೆಯ ಟೀಚರು, ಮನೆಯ ಅಮ್ಮ ಕೂಡ ಅದನ್ನೇ ಹೇಳುತ್ತಿದ್ದಾರೆ. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ನಿಮಿಷದಲ್ಲಿ ಮಾಡುವ ಯಂತ್ರ ಎಲ್ಲರ ಕೈಯಲ್ಲಿದೆ. ಹಾಗಿದ್ದರೆ ಎಲ್ಲರಿಗೂ ಸಮಯ ಮಿಗಬೇಕಿತ್ತಲ್ಲವೇ? ಮಿಕ್ಕ ಸಮಯ ಎಲ್ಲಿ ಹೋಯಿತು? ಈ ಪ್ರಶ್ನೆಗೆ ಉತ್ತರವನ್ನು ಪೇಟೆಗಿಂತ ಕುಕ್ಕುವಾಡದಂತಹ ಕಡೆಯಲ್ಲಿ ಹುಡುಕುವುದು ಹೆಚ್ಚು ಉಪಯುಕ್ತ.

ಕಬ್ಬಿಗೂ ನಾಲೆಗೂ ತಮ್ಮದೇ ಗಡಿಯಾರ

ಕಬ್ಬು ಬೆಳೆಯುವವನಿಗೆ ಕಾಲದ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗದ್ದೆಯಲ್ಲಿ ನಿಂತ ಕಬ್ಬು ಸುಮಾರು ಒಂದು ವರ್ಷ ಕಾಯಿಸುತ್ತದೆ. ಕಡಿದ ಮರುಗಳಿಗೆಯಿಂದ ಅದೇ ಕಬ್ಬು ಅವಸರ ಮಾಡುತ್ತದೆ. ಕಡಿದು ಬಿದ್ದ ಕಬ್ಬು ಬಿಸಿಲಿಗೆ ತೂಕ ಕಳೆದುಕೊಳ್ಳುತ್ತದೆ, ಒಳಗಿನ ಸಕ್ಕರೆ ಅಂಶವೂ ಇಳಿಯುತ್ತದೆ. ಆದಷ್ಟು ಬೇಗ, ಸಾಧ್ಯವಾದರೆ ಒಂದು ದಿನದೊಳಗೆ, ಅದು ಗಾಣಕ್ಕೆ ಹೋಗಬೇಕು. ಆದ್ದರಿಂದ ಕಟಾವಿಗೆ ಅನುಮತಿ ಯಾವಾಗ ಸಿಗುತ್ತದೆ, ಕಡಿಯುವ ಗ್ಯಾಂಗು ಯಾವಾಗ ಬರುತ್ತದೆ, ಕಾರ್ಖಾನೆಯ ಗೇಟಿನ ಮುಂದೆ ಟ್ರ್ಯಾಕ್ಟರ್ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರ ಮೇಲೆ ರೈತನ ವರ್ಷದ ದುಡಿಮೆ ನಿಂತಿದೆ.

ಇನ್ನು ಹಣದ ಮಾತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನಗಳ ಒಳಗೆ ಕಾರ್ಖಾನೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ ಸೇರಿಸಬೇಕು. ಆದರೆ ಬಾಕಿ ಹಣಕ್ಕಾಗಿ ಕರ್ನಾಟಕದ ಕಬ್ಬು ಬೆಳೆಗಾರರು ಎಷ್ಟು ಸಲ ಬೀದಿಗಿಳಿದಿದ್ದಾರೆ ಎಂಬುದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಬೆಳೆ ಕಡಿಯುವಾಗ ಗಂಟೆಗಳ ಲೆಕ್ಕ, ಹಣ ಕೊಡುವಾಗ ತಿಂಗಳುಗಳ ಲೆಕ್ಕ. ಅವಸರ ಯಾವಾಗಲೂ ದುರ್ಬಲನ ಪಾಲಿಗೆ, ನಿಧಾನ ಯಾವಾಗಲೂ ಬಲಾಢ್ಯನ ಪಾಲಿಗೆ. ಇದು ಮೊಬೈಲ್ ಬರುವುದಕ್ಕೆ ಮೊದಲೇ ಇದ್ದ ನಿಯಮ.

ನಾಲೆಯದ್ದೂ ಅದೇ ಕಥೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಿಂದ ಹೊರಟ ನೀರು ದಾವಣಗೆರೆ ಭಾಗಕ್ಕೆ ಬರುವಾಗ ಅಚ್ಚುಕಟ್ಟಿನ ಕೊನೆಯಂಚನ್ನು ತಲುಪಿರುತ್ತದೆ. ಮೇಲಿನವರು ಬಳಸಿ ಬಿಟ್ಟದ್ದು ಕೆಳಗಿನವರಿಗೆ. 2023ರಲ್ಲಿ ಮಳೆ ಕೈಕೊಟ್ಟಾಗ ನಾಲೆಗೆ ನೀರನ್ನು ಸತತವಾಗಿ ಬಿಡಬೇಕೋ, ನಡುನಡುವೆ ನಿಲ್ಲಿಸಿ ಬಿಡಬೇಕೋ ಎಂಬ ವಿಷಯಕ್ಕೆ ದಾವಣಗೆರೆ ಭಾಗದ ರೈತರು ಹೋರಾಟಕ್ಕಿಳಿದಿದ್ದರು. ಅವರು ಕೇಳಿದ್ದು ನೀರನ್ನು ಮಾತ್ರವಲ್ಲ, ನೀರಿನ ವೇಳಾಪಟ್ಟಿಯನ್ನು. ಯಾವ ದಿನ ಬರುತ್ತದೆ, ಎಷ್ಟು ದಿನ ಇರುತ್ತದೆ ಎಂದು ಮೊದಲೇ ತಿಳಿದರೆ ನಾಟಿ ಮಾಡಬೇಕೋ ಬಿಡಬೇಕೋ ಎಂದು ಅವರೇ ನಿರ್ಧರಿಸಬಲ್ಲರು.

ಸಮಯದ ಪ್ರಶ್ನೆಯನ್ನು ನಾವು ಇಲ್ಲಿಂದಲೇ ಶುರುಮಾಡಬೇಕು. ಒಬ್ಬ ಮನುಷ್ಯನಿಗೆ ದಿನಕ್ಕೆ ಎಷ್ಟು ಗಂಟೆ ಇದೆ ಎಂಬುದು ಪ್ರಶ್ನೆಯಲ್ಲ, ಎಲ್ಲರಿಗೂ ಇಪ್ಪತ್ನಾಲ್ಕೇ. ಆ ಗಂಟೆಗಳನ್ನು ಹೇಗೆ ಕಳೆಯಬೇಕೆಂದು ತೀರ್ಮಾನಿಸುವವರು ಯಾರು ಎಂಬುದೇ ಪ್ರಶ್ನೆ.

ಗಿರಣಿಯ ಸೈರನ್ನಿನಿಂದ ಜೇಬಿನ ಮೊಬೈಲಿಗೆ

ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಹತ್ತಿ ಗಿರಣಿಗಳಲ್ಲಿ ಪಾಳಿಯ ಪ್ರಕಾರ ಕೆಲಸ ನಡೆಯುತ್ತಿತ್ತು. ಪಕ್ಕದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಗಿರಣಿ, ಕಾರ್ಖಾನೆಗಳಿರುವ ಊರಿನಲ್ಲಿ ಸೈರನ್ ಕೂಗಿದರೆ ಅದು ಕಾರ್ಮಿಕರಿಗೆ ಮಾತ್ರವಲ್ಲ, ಅಡುಗೆಮನೆಗೂ, ಚಹಾದಂಗಡಿಗೂ ಗಡಿಯಾರ. ನಮ್ಮ ಕರಾವಳಿಯ ಹೆಂಚಿನ ಕಾರ್ಖಾನೆಗಳ ಸುತ್ತಲೂ ಬದುಕು ಹೀಗೆಯೇ ಪಾಳಿಗೆ ಹೊಂದಿಕೊಂಡಿತ್ತು.

ಸೈರನ್ನಿನ ಕಾಲವನ್ನು ಹೊಗಳಬೇಕಾಗಿಲ್ಲ. ಅದು ಕಠಿಣ ಯಜಮಾನ. ಇಂಗ್ಲಿಷ್ ಇತಿಹಾಸಕಾರ ಇ. ಪಿ. ಥಾಂಪ್ಸನ್ 1967ರಲ್ಲಿ ಬರೆದ ಹೆಸರಾಂತ ಲೇಖನವೊಂದರಲ್ಲಿ ಕೈಗಾರಿಕೆಗಳು ಜನರ ಕಾಲಪ್ರಜ್ಞೆಯನ್ನೇ ಹೇಗೆ ಬದಲಿಸಿದವು ಎಂದು ತೋರಿಸಿದ್ದಾರೆ. ಮೊದಲು ಜನ ಕೆಲಸ ಮುಗಿಯುವವರೆಗೆ ದುಡಿಯುತ್ತಿದ್ದರು, ಆಮೇಲೆ ಗಂಟೆ ಹೊಡೆಯುವವರೆಗೆ ದುಡಿಯತೊಡಗಿದರು. ಆದರೆ ಸೈರನ್ನಿಗೆ ಒಂದು ಗುಣವಿತ್ತು. ಪಾಳಿ ಮುಗಿದಾಗಲೂ ಅದು ಕೂಗುತ್ತಿತ್ತು. "ಇನ್ನು ಮನೆಗೆ ಹೋಗು" ಎಂದು ಅದು ಸಾರ್ವಜನಿಕವಾಗಿ ಹೇಳುತ್ತಿತ್ತು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿದಾಗ ಅದನ್ನು ಅಳೆಯಲು ಸಾಧ್ಯವಾದದ್ದು ಕೆಲಸಕ್ಕೆ ಆರಂಭವೂ ಅಂತ್ಯವೂ ಇದ್ದುದರಿಂದ.

ಆಮೇಲೆ ಕೈಗಡಿಯಾರ ಬಂತು. ಎಚ್‌ಎಂಟಿ ಸಂಸ್ಥೆ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರದ ಕಾರ್ಖಾನೆ ಶುರುಮಾಡಿತು. ಎಸ್‌ಎಸ್‌ಎಲ್‌ಸಿ ಪಾಸಾದ ಮಗನಿಗೆ, ಮದುವೆಯ ಅಳಿಯನಿಗೆ ಎಚ್‌ಎಂಟಿ ವಾಚು ಕೊಡುವುದು ಮನೆಮನೆಯ ಕಥೆ. ಆ ಕಂಪನಿಯ ಗಡಿಯಾರ ಘಟಕಗಳನ್ನು ಮುಚ್ಚುವ ತೀರ್ಮಾನವಾದದ್ದು 2016ರಲ್ಲಿ. ಕೈಯಲ್ಲಿ ಮೊಬೈಲ್ ಇರುವಾಗ ಬೇರೆ ಗಡಿಯಾರ ಯಾಕೆ ಎಂದು ಆ ಹೊತ್ತಿಗೆ ಅನೇಕರು ಕೇಳತೊಡಗಿದ್ದರು.

ಆದರೆ ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ಗಡಿಯಾರ ನಾವು ನೋಡಿದರೆ ಮಾತ್ರ ಸಮಯ ಹೇಳುತ್ತದೆ. ಮೊಬೈಲು ನಾವು ನೋಡದಿದ್ದರೂ ಕರೆಯುತ್ತದೆ. ಅದಕ್ಕೆ ಪಾಳಿ ಮುಗಿದ ಸೈರನ್ ಇಲ್ಲ. ರಾತ್ರಿ ಹತ್ತೂವರೆಗೆ ಬಂದ "ನಾಳೆ ಬೆಳಿಗ್ಗೆ ಒಂಬತ್ತರೊಳಗೆ ಮಾಹಿತಿ ಕಳಿಸಿ" ಎಂಬ ಸಂದೇಶಕ್ಕೆ ಯಾವ ಕಾಯ್ದೆಯಲ್ಲಿ ಲೆಕ್ಕವಿದೆ?

ಪಹಣಿ ಸಿಕ್ಕಿತು, ನಿದ್ದೆಯೂ ಸಿಕ್ಕಿತು

ತಂತ್ರಜ್ಞಾನವನ್ನು ದೂರುವುದು ಸುಲಭ. ಆದರೆ ನ್ಯಾಯವಾಗಿ ಮಾತಾಡುವುದಾದರೆ ಅದು ಹಳ್ಳಿಯವರಿಗೆ ಕೊಟ್ಟದ್ದನ್ನು ಮೊದಲು ಹೇಳಬೇಕು.

ನಡುವಯಸ್ಸು ದಾಟಿದ ಎಲ್ಲ ರೈತರಿಗೂ ಪಹಣಿಗಾಗಿ ಅಲೆದ ನೆನಪಿದೆ. ಗ್ರಾಮಲೆಕ್ಕಿಗರು ಊರಿನಲ್ಲಿ ಸಿಗಬೇಕು, ಸಿಕ್ಕರೆ ಪುಸ್ತಕ ಅವರ ಬಳಿ ಇರಬೇಕು, ಇದ್ದರೆ ಬರೆದುಕೊಡುವ ಮನಸ್ಸು ಬರಬೇಕು. ರಾಜ್ಯದ ಸುಮಾರು 9 ಸಾವಿರ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಜಮೀನಿನ ದಾಖಲೆಗಳನ್ನು 'ಭೂಮಿ' ಯೋಜನೆ 2000ದ ಆಸುಪಾಸಿನಲ್ಲಿ ಗಣಕೀಕರಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಬಂದವು. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಪಹಣಿ ಕೈಗೆ ಸಿಗುತ್ತಿತ್ತು. ಹಲವು ದಿನಗಳ ಅಲೆದಾಟ ಉಳಿಯಿತು. ಇದು ಸಣ್ಣ ಸಾಧನೆಯಲ್ಲ.

ಇನ್ನೊಂದು ಉದಾಹರಣೆ ಪಂಪ್‌ಸೆಟ್ಟಿನದು. ನೀರಾವರಿ ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಎಂಬುದು ಸರ್ಕಾರದ ಭರವಸೆ. ಅದೂ ಹಗಲು ಇಷ್ಟು, ರಾತ್ರಿ ಇಷ್ಟು ಎಂದು ಹಂಚಿಹೋಗುತ್ತದೆ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು, ಹಾವು ಚೇಳಿನ ಭಯದಲ್ಲಿ ತೋಟಕ್ಕೆ ಹೋಗಿ ಮೋಟರ್ ಹಾಕುವುದು ರೈತನ ಹಣೆಬರಹವಾಗಿತ್ತು. ಈಗ ಮೊಬೈಲ್ ಸ್ಟಾರ್ಟರ್ ಬಂದಿದೆ. ಪಂಪಿನ ಪೆಟ್ಟಿಗೆಯಲ್ಲಿ ಒಂದು ಸಿಮ್ ಕಾರ್ಡ್ ಇರುತ್ತದೆ. ಮನೆಯಲ್ಲಿ ಮಲಗಿದ್ದಲ್ಲಿಂದಲೇ ಫೋನ್ ಮಾಡಿ ಮೋಟರ್ ಚಾಲೂ ಮಾಡಬಹುದು, ನಿಲ್ಲಿಸಬಹುದು. ರೈತನಿಗೆ ನಿದ್ದೆಯನ್ನು ಹಿಂದಿರುಗಿಸಿದ ಯಂತ್ರ ಅದು.

ಈ ಎರಡು ಉದಾಹರಣೆಗಳಲ್ಲಿ ಒಂದು ಸಾಮ್ಯವಿದೆ. ಎರಡರಲ್ಲೂ ಉಳಿದ ಸಮಯ ರೈತನ ಕೈಗೇ ಸೇರಿತು. ಬೇಕಾದಾಗ ಬಳಸಿ ಬೇಡವಾದಾಗ ಸುಮ್ಮನಿರಿಸಬಹುದಾದ ಯಂತ್ರಗಳು ಅವು. ಎಲ್ಲ ಯಂತ್ರಗಳೂ ಹಾಗಿಲ್ಲ ಎಂಬುದೇ ಮುಂದಿನ ಮಾತು.

ಸರತಿ ಸಾಲು ಎಲ್ಲಿಗೆ ಹೋಯಿತು?

ಕರ್ನಾಟಕದಲ್ಲಿ ನಾಗರಿಕನ ಸಮಯಕ್ಕೂ ಬೆಲೆಯಿದೆ ಎಂದು ಒಪ್ಪಿದ ಒಂದು ಕಾಯ್ದೆಯಿದೆ. 2011ರಲ್ಲಿ ಬಂದು 'ಸಕಾಲ' ಎಂದು ಹೆಸರಾದ ಆ ಕಾಯ್ದೆಯ ಪ್ರಕಾರ, ಗೊತ್ತುಪಡಿಸಿದ ದಿನದೊಳಗೆ ಸೇವೆ ಸಿಗದಿದ್ದರೆ ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಸಣ್ಣದು. ಆದರೆ ಅದರ ಹಿಂದಿನ ಭಾವನೆ ದೊಡ್ಡದು: ನಿನ್ನನ್ನು ಕಾಯಿಸಿದ್ದು ತಪ್ಪು ಎಂದು ಸರ್ಕಾರ ಲಿಖಿತವಾಗಿ ಒಪ್ಪಿಕೊಂಡಿತು.

ಆದರೆ ಕಾಯುವಿಕೆ ಅರ್ಜಿ ಸ್ವೀಕಾರವಾದ ಮೇಲಲ್ಲ, ಅದಕ್ಕೆ ಮೊದಲೇ ಶುರುವಾದರೆ? "ಸರ್ವರ್ ಡೌನ್" ಎಂಬ ಎರಡು ಪದ ಇಂದು ಕನ್ನಡದ್ದೇ ಪದಗಳಾಗಿವೆ. ಸರ್ವರ್ ಇಲ್ಲದ ದಿನ ಅರ್ಜಿಯೇ ದಾಖಲಾಗುವುದಿಲ್ಲ. ದಾಖಲಾಗದ ಅರ್ಜಿಗೆ ಸಕಾಲದ ಗಡುವೂ ಇಲ್ಲ, 20 ರೂಪಾಯಿಯೂ ಇಲ್ಲ. ಕೂಲಿ ಬಿಟ್ಟು ಬಂದವಳು ಬರಿಗೈಯಲ್ಲಿ ಮನೆಗೆ ಹೋಗುತ್ತಾಳೆ.

2023ರ ಜುಲೈಯಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಆರಂಭವಾದಾಗ ಇದನ್ನು ರಾಜ್ಯವೇ ನೋಡಿತು. ಪ್ರತಿ ಮನೆಯ ಯಜಮಾನಿಗೆ ದಿನ, ಸಮಯ, ಸ್ಥಳ ತಿಳಿಸುವ ಸಂದೇಶ ಮೊಬೈಲಿಗೆ ಬರುತ್ತದೆ, ಆ ಹೊತ್ತಿಗೆ ಹೋದರೆ ಸಾಕು ಎಂಬುದು ಮೊದಲ ಯೋಜನೆ. ಒಳ್ಳೆಯ ಆಲೋಚನೆಯೇ. ಆದರೆ ಅನೇಕರಿಗೆ ಸಂದೇಶ ಬರಲಿಲ್ಲ, ಸರ್ವರ್ ಕೈಕೊಟ್ಟಿತು, ಕೇಂದ್ರಗಳ ಮುಂದೆ ಸಾಲು ಬೆಳೆಯಿತು. ಮುಂದೆ ಸಮಯದ ನಿಯಮವನ್ನು ಸಡಿಲಿಸಬೇಕಾಯಿತು. ತಿಂಗಳಿಗೆ 2,000 ರೂಪಾಯಿ ಅನೇಕ ಮನೆಗಳಿಗೆ ಆಸರೆಯಾದದ್ದು ನಿಜ. ಅದನ್ನು ಪಡೆಯಲು ಹೆಂಗಸರು ಕಳೆದುಕೊಂಡ ಕೂಲಿಯ ದಿನಗಳನ್ನು ಎಣಿಸಿದವರು ಯಾರು?

ಕೌಂಟರಿನ ಈಚೆಗಿರುವವರ ಪಾಡು ಹೀಗಾದರೆ ಆಚೆಗಿರುವವರ ಪಾಡೂ ಸುಖವಾಗಿಲ್ಲ. 2024ರ ಸೆಪ್ಟೆಂಬರ್ 26ರಿಂದ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು, ಅಂದರೆ ಹಿಂದಿನ ಗ್ರಾಮಲೆಕ್ಕಿಗರು, ಮುಷ್ಕರ ಹೂಡಿದರು. ಸರಿಯಾದ ಮೊಬೈಲ್, ಲ್ಯಾಪ್‌ಟಾಪ್, ಕಚೇರಿ ಸೌಕರ್ಯ ಕೊಡದೆ ಹತ್ತಾರು ಆ್ಯಪ್‌ಗಳಲ್ಲಿ ಕೆಲಸ ಮಾಡಿಸಲಾಗುತ್ತಿದೆ ಎಂಬುದು ಅವರ ದೂರು. 2025ರ ಫೆಬ್ರವರಿಯಲ್ಲಿ ಮತ್ತೆ ಮುಷ್ಕರ ನಡೆಯಿತು. ಪಹಣಿ ಬರೆಯುವ ಕೆಲಸವನ್ನು ಯಂತ್ರ ತೆಗೆದುಕೊಂಡಿತು, ಅದರ ಜಾಗಕ್ಕೆ ಹೊಸ ಕೆಲಸಗಳನ್ನು ತುಂಬಲಾಯಿತು. ಉಳಿದ ಸಮಯ ನೌಕರನಿಗೆ ಸಿಗಲಿಲ್ಲ.

ಆಶಾ ಕಾರ್ಯಕರ್ತೆಯರ ಪ್ರಕರಣ ಇನ್ನೂ ನೋವಿನದು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತು ಹೋರಾಡಿದ ಅವರ ಬೇಡಿಕೆಗಳಲ್ಲಿ ಒಂದು ಸಂಬಳದ್ದು. ಇನ್ನೊಂದು ಪೋರ್ಟಲ್‌ಗೆ ಸಂಬಂಧಿಸಿದ್ದು. ಗರ್ಭಿಣಿಯ ಮನೆಗೆ ಹೋದದ್ದು, ಮಗುವಿಗೆ ಚುಚ್ಚುಮದ್ದು ಹಾಕಿಸಿದ್ದು ಇವೆಲ್ಲ ಆರ್‌ಸಿಎಚ್ ಪೋರ್ಟಲ್‌ನಲ್ಲಿ ದಾಖಲಾದರೆ ಮಾತ್ರ ಪ್ರೋತ್ಸಾಹಧನ. ಕೆಲಸ ಆಗಿದ್ದರೂ ದಾಖಲೆ ಕಾಣಿಸದಿದ್ದರೆ ಹಣ ಇಲ್ಲ. ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿ ಕೊಡುವ ಭರವಸೆ ಸಿಕ್ಕ ಮೇಲೆ ಹೋರಾಟ ನಿಂತಿತು. ಆದರೆ ಅವರು ಎತ್ತಿದ ಪ್ರಶ್ನೆ ನಿಂತಿಲ್ಲ. ಬಾಣಂತಿಯ ಕೈಹಿಡಿದು ಕುಳಿತ ಒಂದು ಗಂಟೆ ಕೆಲಸವೋ, ಅಥವಾ ಅದನ್ನು ಮೊಬೈಲಿಗೆ ತುಂಬಿದ ಐದು ನಿಮಿಷ ಮಾತ್ರ ಕೆಲಸವೋ?

ನರೇಗಾ ಕೂಲಿಗಳ ಹಾಜರಾತಿಯೂ ಇದೇ ದಾರಿ ಹಿಡಿಯಿತು. 2023ರ ಜನವರಿ 1ರಿಂದ ಕಾಮಗಾರಿ ಸ್ಥಳದಲ್ಲಿ ದಿನಕ್ಕೆರಡು ಸಲ ಫೋಟೋ ತೆಗೆದು ಆ್ಯಪ್‌ಗೆ ಹಾಕುವುದು ಕಡ್ಡಾಯವಾಯಿತು. ಕಳ್ಳ ಹಾಜರಿ ತಡೆಯುವ ಉದ್ದೇಶ ಸರಿಯಾದದ್ದೇ. ಆದರೆ ಬೆಳಿಗ್ಗೆ ಬೇಗ ಬಂದು ತಮ್ಮ ಪಾಲಿನ ಮಣ್ಣು ಅಗೆದು ಮುಗಿಸಿದವರೂ ಎರಡನೆಯ ಫೋಟೋಕ್ಕಾಗಿ ಬಿಸಿಲಲ್ಲಿ ಕಾಯಬೇಕಾಯಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾಕ್ಕೆ ಬದಲಾಗಿ ಬೇರೊಂದು ಕಾಯ್ದೆಯನ್ನು ಅಂಗೀಕರಿಸಿದೆ. ಹೊಸ ವ್ಯವಸ್ಥೆಯಲ್ಲಿ ಕೂಲಿಯವರ ಹೊತ್ತಿಗೆ ಎಷ್ಟು ಬೆಲೆ ಸಿಗುತ್ತದೆ ಎಂಬುದನ್ನು ಕಾದು ನೋಡಬೇಕು.

ನಮ್ಮ ಶಾಲೆಗಳಿಗೂ ಈ ಬಿಸಿ ತಟ್ಟಿದೆ. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ 2025ರ ಸೆಪ್ಟೆಂಬರ್ 22ರಂದು ಆರಂಭವಾದಾಗ ಶಿಕ್ಷಕರು ಮೊಬೈಲ್ ಹಿಡಿದು ಮನೆಮನೆಗೆ ಹೋದರು. ಮೊದಲ ದಿನಗಳಲ್ಲಿ ಆ್ಯಪ್ ಮತ್ತು ಸರ್ವರ್ ಸತಾಯಿಸಿದವು. ನಿಗದಿತ ಅವಧಿಯಲ್ಲಿ ಮುಗಿಯದೆ ಅಕ್ಟೋಬರ್ 8ರಿಂದ 18ರವರೆಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಸಮೀಕ್ಷೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಆ್ಯಪ್ ತಿಂದ ಸಮಯವನ್ನು ಕೊನೆಗೆ ತುಂಬಿಕೊಟ್ಟವರು ಮಕ್ಕಳು ಎಂಬುದನ್ನು ಮಾತ್ರ ಗಮನಿಸಬೇಕು.

ಹೀಗೆ ನೋಡುತ್ತಾ ಹೋದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಸರತಿ ಸಾಲು ಮಾಯವಾಗಿಲ್ಲ, ಜಾಗ ಬದಲಿಸಿದೆ. ತಾಲ್ಲೂಕು ಕಚೇರಿಯ ಜಗಲಿಯಿಂದ ಅದು ಗ್ರಾಮ ಒನ್ ಕೇಂದ್ರದ ಬಾಗಿಲಿಗೆ, ಆಶಾ ಕಾರ್ಯಕರ್ತೆಯ ಮೊಬೈಲಿಗೆ, ಮೇಷ್ಟರ ರಾತ್ರಿಗೆ ಬಂದಿದೆ. ಮೇಲಿನವರಿಗೆ ವರದಿ ತಕ್ಷಣ ಸಿಗುತ್ತದೆ. ಆ "ತಕ್ಷಣ"ದ ಬೆಲೆಯನ್ನು ಕೆಳಗಿನವರು ತೆರುತ್ತಾರೆ.

ಮನೆಯೊಳಗಿನ ಲೆಕ್ಕ

ಸಮಯದ ಬಳಕೆಯ ಕುರಿತು ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ 2019ರಲ್ಲಿ ಮತ್ತು 2024ರಲ್ಲಿ ದೇಶವ್ಯಾಪಿ ಸಮೀಕ್ಷೆ ನಡೆಸಿತು. 6 ವರ್ಷ ಮೇಲ್ಪಟ್ಟವರಲ್ಲಿ ಮನೆಗೆಲಸ ಮಾಡುವ ಹೆಂಗಸರು 2024ರಲ್ಲಿ ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕಾಗಿ ಕಳೆದಿದ್ದಾರೆ. ಮನೆಗೆಲಸ ಮಾಡುವ ಗಂಡಸರು ಕಳೆದದ್ದು 88 ನಿಮಿಷ. 2019ರಲ್ಲಿ ಹೆಂಗಸರ ಪಾಲು 299 ನಿಮಿಷ ಇತ್ತು. ಅಂದರೆ ಅಗ್ಗದ ಇಂಟರ್ನೆಟ್, ಆನ್‌ಲೈನ್ ಪಾವತಿ, ಮನೆಬಾಗಿಲಿಗೆ ಸಾಮಾನು ಇವೆಲ್ಲ ಹಬ್ಬಿದ ಐದು ವರ್ಷಗಳಲ್ಲಿ ನಮ್ಮ ತಾಯಂದಿರಿಗೆ ಉಳಿದದ್ದು ದಿನಕ್ಕೆ ಹತ್ತು ನಿಮಿಷ! ಅದೇ ಅವಧಿಯಲ್ಲಿ ಜನರು ಮನರಂಜನೆ ಮತ್ತು ಮಾಧ್ಯಮಗಳಿಗೆ ಕೊಡುವ ಸಮಯ ದಿನದ ಶೇ. 9.9ರಿಂದ ಶೇ. 11ಕ್ಕೆ ಏರಿದೆ.

ಕರಾವಳಿಯ ಮನೆಗಳಲ್ಲಿ ಇನ್ನೊಂದು ಲೆಕ್ಕವೂ ಇದೆ. ಗಲ್ಫಿನಲ್ಲಿರುವ ಮಗನ ಪತ್ರಕ್ಕೆ ಹತ್ತು ಹದಿನೈದು ದಿನ ಕಾದ ತಾಯಂದಿರು ನಮ್ಮ ನಡುವೆ ಇದ್ದಾರೆ. ಪತ್ರ ಬಂದರೆ ಅದನ್ನು ಎರಡು ಮೂರು ಸಲ ಓದಿಸಿಕೊಂಡು ತಿಂಗಳಿಡೀ ನೆಮ್ಮದಿಯಾಗಿರುತ್ತಿದ್ದರು. ಇಂದು ದಿನವೂ ಮಗನ ಮುಖ ನೋಡಬಹುದು. ಇದಕ್ಕಿಂತ ದೊಡ್ಡ ವರ ಯಾವುದು? ಆದರೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ನೀಲಿ ಗೆರೆ ಬಿದ್ದು ಅರ್ಧ ಗಂಟೆಯಾದರೂ ಉತ್ತರ ಬರದಿದ್ದರೆ ಅದೇ ತಾಯಿ ಚಡಪಡಿಸುತ್ತಾಳೆ. ಹದಿನೈದು ದಿನ ಕಾಯಬಲ್ಲ ಮನಸ್ಸು ಅರ್ಧ ಗಂಟೆ ಕಾಯಲಾರದಾಗಿದೆ.

ಅಡಿಕೆ ಧಾರಣೆಯದ್ದೂ ಹೀಗೆಯೇ. ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಾಗಲಿ ನಮ್ಮ ಪುತ್ತೂರು, ಸುಳ್ಯದಲ್ಲಾಗಲಿ ಬೆಳೆಗಾರ ಈಗ ದಿನಕ್ಕೆ ಹತ್ತು ಸಲ ಧಾರಣೆ ನೋಡುತ್ತಾನೆ. ದಲ್ಲಾಳಿಯ ಬಾಯಿಮಾತನ್ನೇ ನಂಬಬೇಕಾಗಿದ್ದ ಕಾಲಕ್ಕೆ ಹೋಲಿಸಿದರೆ ಇದು ಲಾಭವೇ. ಆದರೆ ಮೊದಲ ಸಲ ನೋಡಿದ್ದು ಅವನಿಗೆ ಉಪಯೋಗಕ್ಕೆ ಬಂತು, ಉಳಿದ ಒಂಬತ್ತು ಸಲ ನೋಡಿದ್ದು ಕಂಪನಿಯ ಉಪಯೋಗಕ್ಕೆ ಬಂತು. ನಾವು ಪರದೆ ನೋಡಿದಷ್ಟೂ ಜಾಹೀರಾತಿನ ಹಣ ಬೆಳೆಯುತ್ತದೆ. ಅಲ್ಲಿ ಮಾರಾಟವಾಗುವ ಸರಕು ಅಡಿಕೆಯಲ್ಲ, ನಮ್ಮ ಹೊತ್ತು.

ಇದರ ಮೇಲೆ "ಬ್ಯುಸಿ" ಎಂಬುದು ಪ್ರತಿಷ್ಠೆಯ ಪದವಾಗಿದೆ. ಇನ್ಫೋಸಿಸ್‌ನ ನಾರಾಯಣಮೂರ್ತಿಯವರು 2023ರಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು 2025ರ ಜನವರಿಯಲ್ಲಿ ಸುದ್ದಿಯಾಯಿತು. ಮನೆಯಲ್ಲಿ ಅಡುಗೆ ಮಾಡಿ, ಮಕ್ಕಳನ್ನು ನೋಡಿಕೊಂಡು, ಹೊರಗೂ ದುಡಿಯುವ ಹೆಂಗಸಿನ ವಾರಕ್ಕೆ ಎಷ್ಟು ಗಂಟೆ ಎಂದು ಆ ಚರ್ಚೆಯಲ್ಲಿ ಕೇಳಿದವರು ಕಡಿಮೆ.

ಬೇರೆಡೆ ಏನಾಗಿದೆ?

ಫ್ರಾನ್ಸ್ ದೇಶದಲ್ಲಿ 2017ರ ಜನವರಿ 1ರಿಂದ ಕೆಲಸದ ಅವಧಿಯ ಹೊರಗೆ ಕಚೇರಿಯ ಸಂಪರ್ಕದಿಂದ ದೂರವಿರುವ ಹಕ್ಕಿಗೆ ಕಾನೂನಿನ ಮಾನ್ಯತೆಯಿದೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ ಅಂಥದೇ ಕಾನೂನು ಜಾರಿಗೆ ಬಂತು. ನಮ್ಮ ದೇಶದಲ್ಲಿ ಸಂಸದೆ ಸುಪ್ರಿಯಾ ಸುಳೆಯವರು ಈ ಕುರಿತ ಖಾಸಗಿ ಮಸೂದೆಯನ್ನು ಹಿಂದೊಮ್ಮೆ ಮಂಡಿಸಿ, 2025ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮತ್ತೆ ಮಂಡಿಸಿದ್ದಾರೆ. ಖಾಸಗಿ ಮಸೂದೆಗಳು ಕಾಯ್ದೆಯಾಗುವುದು ಅಪರೂಪ. ಆದರೂ ಮಾತು ಶುರುವಾಗಿದೆ.

ಆದರೆ ಇಂಥ ಕಾನೂನು ಬಂದರೂ ಅದು ಕಂಪನಿಯ ನೌಕರನಿಗೆ ಅನುಕೂಲವಾದೀತೇ ಹೊರತು, ನೌಕರರೆಂದೇ ಪರಿಗಣಿಸಲ್ಪಡದ ಆಶಾ ಕಾರ್ಯಕರ್ತೆಯರಿಗೆ ಸಿಗುವುದು ಕಷ್ಟ. ಕುಕ್ಕುವಾಡದ ರೈತನಿಗೂ ಅದರಿಂದ ಪ್ರಯೋಜನವಿಲ್ಲ. ಅವರಿಗೆ ಬೇಕಾದದ್ದು ಬೇರೆ. ಸರ್ವರ್ ಕೆಟ್ಟ ದಿನ ಕಾಗದದ ಮೇಲೆ ಅರ್ಜಿ ಪಡೆದು ಅದೇ ದಿನಾಂಕದ ರಸೀದಿ ಕೊಡಬೇಕು. ಕೆಲಸ ನಡೆದದ್ದಕ್ಕೆ ಬೇರೆ ಆಧಾರವಿದ್ದರೆ ಆ್ಯಪ್‌ನಲ್ಲಿ ಕಾಣಿಸದಿದ್ದರೂ ಕೂಲಿ ಕೊಡಬೇಕು. ನಾಲೆಯ ನೀರು, ಪಂಪಿನ ಕರೆಂಟು, ಕಬ್ಬಿನ ಕಟಾವು ಇವುಗಳ ವೇಳಾಪಟ್ಟಿಯನ್ನು ಮೊದಲೇ ತಿಳಿಸಿ ಅದಕ್ಕೆ ಬದ್ಧರಾಗಿರಬೇಕು. ದಾವಣಗೆರೆ 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲೇ ಸ್ಥಾನ ಪಡೆದ ಊರು. ನಗರ ಸ್ಮಾರ್ಟ್ ಆದದ್ದಕ್ಕೆ ಸುತ್ತಲ ಹಳ್ಳಿಯವನಿಗೆ ಸಿಗಬೇಕಾದ ಮೊದಲ ಸಾಕ್ಷಿ ಅವನ ಕಾಯುವಿಕೆ ಕಡಿಮೆಯಾಗುವುದು.

ನಮ್ಮ ಅಂಗಳದಲ್ಲಿ

ಇಷ್ಟೆಲ್ಲ ಬರೆದ ಮೇಲೆ ನಮ್ಮ ಧರ್ಮಕೇಂದ್ರಗಳ ಕಡೆಗೂ ಒಮ್ಮೆ ನೋಡಬೇಕಲ್ಲವೇ? ಪೋಪ್ ಫ್ರಾನ್ಸಿಸ್ ಅವರು 2015ರ 'ಲಾವ್ದಾತೋ ಸಿ' ವಿಶ್ವಪತ್ರದಲ್ಲಿ, ದಿನದಿಂದ ದಿನಕ್ಕೆ ಹೆಚ್ಚುತ್ತಿರುವ ಬದುಕಿನ ವೇಗಕ್ಕೆಂದೇ ಸ್ಪ್ಯಾನಿಷ್ ಭಾಷೆಯ ಪದವೊಂದನ್ನು ಬಳಸಿ ಎಚ್ಚರಿಸಿದ್ದರು. ನಾವು ಅದರ ಬಗ್ಗೆ ಪ್ರವಚನ ಕೇಳಿದೆವು, ನಂತರ ಅದರ ಸಾರಾಂಶವನ್ನು ಐದು ಗುಂಪುಗಳಿಗೆ ಫಾರ್ವರ್ಡ್ ಮಾಡಿದೆವು!

ವಾಳೆಯ ಗುಂಪು, ಪಾಲನಾ ಮಂಡಳಿಯ ಗುಂಪು, ಗಾಯನ ಮಂಡಳಿಯ ಗುಂಪು, ಯುವಜನರ ಗುಂಪು, ಹಬ್ಬದ ಸಮಿತಿಯ ಗುಂಪು. ಒಬ್ಬ ಗುರಿಕಾರರ ಮೊಬೈಲಿನಲ್ಲಿ ಇಂಥವು ಎಷ್ಟಿವೆ ಎಂದು ಕೇಳಿ ನೋಡಿ. ರಾತ್ರಿ ಹನ್ನೊಂದಕ್ಕೆ ಬಂದ ಸಂದೇಶಕ್ಕೆ ಬೆಳಿಗ್ಗೆ ಉತ್ತರಿಸಿದರೆ "ನೋಡಿಯೂ ಸುಮ್ಮನಿದ್ದರು" ಎಂಬ ಆಕ್ಷೇಪ. ಸರ್ಕಾರ ತನ್ನ ನೌಕರರ ಮೇಲೆ ಹೇರಿದ "ತಕ್ಷಣ"ವನ್ನು ನಾವು ಸಂಬಳವೂ ಇಲ್ಲದ ಸ್ವಯಂಸೇವಕರ ಮೇಲೆ ಹೇರುತ್ತಿದ್ದೇವೆ.

ಹಿಂದೆ ಇಗರ್ಜಿಯ ಗಂಟೆ ದಿನಕ್ಕೆ ಮೂರು ಸಲ ಬಾರಿಸುತ್ತಿತ್ತು. ಸಂಜೆಯ ಆಮೊರಿ ಗಂಟೆ ಕೇಳಿದರೆ ಗದ್ದೆಯಲ್ಲಿದ್ದವರು ನೇಗಿಲು ನಿಲ್ಲಿಸಿ ನಿಲ್ಲುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಕೇಳಿದರೆ ಯಾರೋ ತೀರಿಕೊಂಡರೆಂದು ಊರಿಗೆ ಗೊತ್ತಾಗುತ್ತಿತ್ತು. ಯಾವುದು ತುರ್ತು, ಯಾವುದು ಅಲ್ಲ ಎಂಬುದು ಗಂಟೆಯ ಸದ್ದಿನಲ್ಲೇ ತಿಳಿಯುತ್ತಿತ್ತು. ಇಂದು ಮರಣವಾರ್ತೆಗೂ ಲಕ್ಕಿ ಕೂಪನ್ ಪ್ರಕಟಣೆಗೂ ಮೊಬೈಲು ಒಂದೇ ಸದ್ದು ಮಾಡುತ್ತದೆ.

ಇದನ್ನು ಸರಿಪಡಿಸಲು ಕಾನೂನು ಬೇಕಾಗಿಲ್ಲ. ಮರಣ, ಅಪಘಾತ, ರಕ್ತದ ಅಗತ್ಯ ಇವುಗಳನ್ನು ಬಿಟ್ಟು ಉಳಿದ ಸಂದೇಶಗಳನ್ನು ರಾತ್ರಿ ಎಂಟರ ನಂತರ ಹಾಕುವುದಿಲ್ಲ ಎಂದು ಒಂದು ಪಾಲನಾ ಮಂಡಳಿ ತೀರ್ಮಾನಿಸಿದರೆ ಸಾಕು. ಇನ್ನೂ ಒಂದು ಕೆಲಸವಿದೆ. ಬೆರಳಚ್ಚು ಹೊಂದದೆ ಪಡಿತರಕ್ಕಾಗಿ, ಪಿಂಚಣಿಗಾಗಿ ಮೂರು ಮೂರು ಸಲ ಅಲೆಯುವ ವೃದ್ಧರು ನಮ್ಮ ವಾಳೆಗಳಲ್ಲೂ ಇದ್ದಾರೆ. ಭಾನುವಾರ ಬಲಿಪೂಜೆಯ ನಂತರ ಮೊಬೈಲ್ ಬಲ್ಲ ನಾಲ್ಕು ಯುವಕ ಯುವತಿಯರು ಒಂದು ಗಂಟೆ ಕುಳಿತು ಅವರ ಅರ್ಜಿಗಳನ್ನು ನೋಡಿಕೊಟ್ಟರೆ, ಬೇಕಾದರೆ ವಾರದ ದಿನ ಜೊತೆಗೆ ಹೋಗಿ ಬಂದರೆ, ಒಬ್ಬ ಅಜ್ಜಿಯ ಮೂರು ದಿನ ಉಳಿಯುತ್ತದೆ.

ಸಮಯ ಇಲ್ಲ ಎನ್ನುವ ನಾವೆಲ್ಲರೂ ಒಂದೇ ಬಗೆಯ ಬಡವರಲ್ಲ. ಕೆಲವರ ಸಮಯವನ್ನು ಮೊಬೈಲು ಕದಿಯುತ್ತದೆ, ಅವರು ಬೇಕೆಂದರೆ ಅದನ್ನು ಪಕ್ಕಕ್ಕಿಡಬಹುದು. ಇನ್ನು ಕೆಲವರ ಸಮಯವನ್ನು ಮೊಬೈಲಿನ ಮೂಲಕ ಬೇರೆಯವರು ಕಸಿಯುತ್ತಾರೆ, ಅವರಿಗೆ ಪಕ್ಕಕ್ಕಿಡುವ ಆಯ್ಕೆಯೇ ಇಲ್ಲ. ಮೊದಲನೆಯವರಿಗೆ ಸಂಯಮ ಬೇಕು, ಎರಡನೆಯವರಿಗೆ ನ್ಯಾಯ ಬೇಕು. ಮುಂದಿನ ಬಾರಿ ಹರಿಹರಕ್ಕೆ ಹೋದಾಗ ದಾರಿಯಲ್ಲಿ ಕಬ್ಬು ತುಂಬಿ ಸಾಲಾಗಿ ನಿಂತ ಟ್ರ್ಯಾಕ್ಟರುಗಳು ಕಂಡರೆ, ನಮ್ಮ ಬಸ್ಸು ತಡವಾಯಿತೆಂದು ಗೊಣಗುವ ಮೊದಲು ಅವು ಎಷ್ಟು ಹೊತ್ತಿನಿಂದ ಕಾಯುತ್ತಿವೆ ಎಂದು ಒಮ್ಮೆ ಕೇಳೋಣ.